ಹುಳದ ಕೋಣೆಯಲ್ಲಿ ಇಟ್ಟ ಎಡೆ

ಉತ್ತರೆ ಮಳೆ ಮುಗಿದು ಹಸ್ತದ ಮಳೆ ಹುಟ್ಟುವ ಆ ನಾಲ್ಕು ದಿನಗಳನ್ನು ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ. ಬೆಳಗಿನ ಜಾವ ಕಂಬಳಿ ಎಳೆದುಕೊಳ್ಳಬೇಕು, ಮಧ್ಯಾಹ್ನ ರವಿಕೆ ಬೆನ್ನಿಗೆ ಅಂಟಿಕೊಳ್ಳುತ್ತದೆ, ಸಂಜೆಗೆ ಮೂಡಲಲ್ಲಿ ಮೋಡ ಎದ್ದು ಬಂದು ಸುರಿದು ಹೋಗುತ್ತದೆ. ಮಕ್ಕಳಿಗೆ ಜ್ವರ, ಮುದುಕರಿಗೆ ಉಬ್ಬಸ. ಮದ್ದೂರಿನಲ್ಲಿ ನಮಗೆ ಭೂಗೋಳ ಹೇಳುತ್ತಿದ್ದ ಅನಂತರಾಮು ಮೇಷ್ಟ್ರು, ಸೆಪ್ಟೆಂಬರ್ ಇಪ್ಪತ್ತಮೂರು ಹಗಲು ರಾತ್ರಿ ಸಮನಾಗುವ ದಿನ ಎಂದು ಬಾಯಿಪಾಠ ಮಾಡಿಸಿದ್ದರು. ಸಮವಂತೆ, ಸಮ! ಆಕಾಶದಲ್ಲಿ ಆಗಿದ್ದರೆ ಆಗಿರಬಹುದು. ಎಪ್ಪತ್ತಾರನೇ ಇಸವಿಯಲ್ಲಿ ಆ ದಿನ ನಮ್ಮ ಮನೆಯಲ್ಲಿ ಏನಾಯಿತು ಎಂದು ಹೇಳುತ್ತೇನೆ, ಕೇಳಿ.

ನಾನು ಇಂದ್ರಮ್ಮ. ಕೊಪ್ಪದ ಆ ಮನೆಗೆ ಕಿರಿಸೊಸೆಯಾಗಿ ಬಂದವಳು. ನನ್ನ ಗಂಡ ಬೋರಯ್ಯ, ಅವರ ಅಣ್ಣ ಕೆಂಪಯ್ಯ, ಇಬ್ಬರ ತಾಯಿ ಚಿಕ್ಕಬೋರಮ್ಮ. ಕೆಂಪಯ್ಯನವರ ಹೆಂಡತಿ ಸಣ್ಣತಾಯಮ್ಮ ನನಗೆ ವಾರಗಿತ್ತಿ. ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಕಥೆ ಅವಳದು. ನನ್ನದೇನಿದ್ದರೂ ಬಾಯಿ ಮಾತ್ರ, ಅದು ಊರಿಗೇ ಗೊತ್ತು.

ಅಕ್ಕ ಮಳವಳ್ಳಿಯ ಆಚೆ ಒಂದು ಹಳ್ಳಿಯವಳು. ಅವಳ ತಾಯಿ ರೇಷ್ಮೆ ಹುಳ ಸಾಕುತ್ತಿದ್ದಳಂತೆ. ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಭತ್ತ, ಕಬ್ಬು, ಎರಡು ಎಮ್ಮೆ ಇಷ್ಟೇ. ಇವಳು ಮದುವೆಯಾಗಿ ಬಂದ ಮೇಲೆ ಕೆಂಪಯ್ಯನವರು ಬಾವಿಯ ಮಗ್ಗುಲಿನ ಹೊಲಕ್ಕೆ ಹಿಪ್ಪುನೇರಳೆ ಕಡ್ಡಿ ನೆಟ್ಟರು. ಆಮೇಲೆ ಮನೆಯ ಚಹರೆಯೇ ಬದಲಾಯಿತು. ಸೂರು ತಿರುವಿ ಹೆಂಚು ಹೊದೆಸಿದ್ದು ಹುಳದಿಂದ, ನನ್ನ ಕೊರಳಿಗೆ ತಾಳಿ ಬಂದದ್ದೂ ಹುಳದಿಂದಲೇ. ಅಕ್ಕಪಕ್ಕದವರು ಹೊಸ ಮೊಟ್ಟೆ ತಂದರೆ ಮರಿಗೆ ಮೊದಲ ಸೊಪ್ಪು ಇವಳ ಕೈಯಲ್ಲೇ ಹಾಕಿಸುತ್ತಿದ್ದರು. ಸಣ್ಣತಾಯಮ್ಮನ ಕೈಗುಣ ಅಂಥದ್ದು ಎನ್ನುತ್ತಿದ್ದರು. ಕೈಗುಣವೋ ಮಣ್ಣೋ, ನಾನು ಕಂಡದ್ದು ದುಡಿಮೆ.

ಹುಳ ಮನೆಯಲ್ಲಿದ್ದರೆ ನಮಗೆಲ್ಲ ಸಪ್ಪೆ ಸಾರು. ಒಗ್ಗರಣೆ ಹಾಕುವಂತಿಲ್ಲ, ಮಲ್ಲಿಗೆ ಮುಡಿಯುವಂತಿಲ್ಲ, ತಲೆಗೆ ಹರಳೆಣ್ಣೆ ಇಲ್ಲ. ಕಾಲು ತೊಳೆಯದೆ ನಡುಮನೆಯ ಹಿಂದಿನ ಹುಳದ ಕೋಣೆಗೆ ಕಾಲಿಟ್ಟರೆ ಅತ್ತೆಯನ್ನೂ ಬಿಡದೆ ಗದರುತ್ತಿದ್ದಳು. ಮನೆಯಲ್ಲಿ ತಂಪಾಗಿದ್ದದ್ದು ಅದೊಂದೇ ಕೋಣೆ. ಬಿದಿರಿನ ತಟ್ಟೆಗಳನ್ನು ಅಟ್ಟಣೆಯ ಮೇಲೆ ಸಾಲಾಗಿ ಜೋಡಿಸಿ, ಇರುವೆ ಹತ್ತದಂತೆ ಅಟ್ಟಣೆಯ ಕಾಲುಗಳಿಗೆ ನೀರಿನ ಬಟ್ಟಲು ಇಡುತ್ತಿದ್ದಳು. ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ದಾಟಿದರೆ ಹುಳ ಗೆದ್ದ ಹಾಗೆ. ಹುಳ ಜ್ವರಕ್ಕೆ ಕೂತಿವೆ ಎಂದರೆ ಅಕ್ಕ ತುದಿಗಾಲಲ್ಲಿ ನಡೆಯುವಳು, ನನ್ನನ್ನೂ ನಡೆಸುವಳು. ನಾನು ಗೊಣಗುತ್ತಿದ್ದೆ. ಮಕ್ಕಳಿಗೆ ಜ್ವರ ಬಂದರೂ ಊರಲ್ಲಿ ಇಷ್ಟು ಯಾರೂ ನೋಡಿಕೊಳ್ಳುವುದಿಲ್ಲ ಎಂದರೆ ಸುಮ್ಮನೆ ನಗುತ್ತಿದ್ದಳು. ಅವಳಿಗೆ ಮಕ್ಕಳಿರಲಿಲ್ಲ.

ಕೆಂಪಯ್ಯನವರ ವಿಷಯ ಹೇಳದಿದ್ದರೆ ಈ ಕಥೆಗೆ ಅರ್ಥವಿಲ್ಲ. ಸಾಧು ಮನುಷ್ಯ. ಎಲ್ಲಿ ಕೊಟ್ಟರೆ ಅಲ್ಲಿ ಉಣ್ಣುವವರು. ಗದ್ದೆ ಬದುವಿನ ಮೇಲೆ, ಕೊಟ್ಟಿಗೆಯ ಗೋದಲಿ ಪಕ್ಕದಲ್ಲಿ, ಜಗಲಿಯ ಮೂಲೆಯಲ್ಲಿ, ಮುದ್ದೆ ಎಲ್ಲಿ ಸಿಕ್ಕಿತೋ ಅದೇ ಅವರ ಮಣೆ. ಒಂದೇ ಚಟ, ಬೀಡಿ. ಬೀಡಿಯ ಹೊಗೆ ರೇಷ್ಮೆ ಹುಳಕ್ಕೆ ವಿಷ. ಅದಕ್ಕೇ ಹುಳ ಇರುವಷ್ಟು ದಿನ ಆ ಮನುಷ್ಯ ಕೋಣೆಯ ಹೊಸಲು ತುಳಿಯುತ್ತಿರಲಿಲ್ಲ. ಹುಲ್ಲಿನ ಮೆದೆಯ ಹಿಂದೆ ಸೇದಿ, ಬಾಯಿ ಮುಕ್ಕಳಿಸಿ, ಕೈ ತೊಳೆದು ಬಂದರೂ ಆಚೆಯೇ ನಿಂತು, ನಿನ್ನ ಮಕ್ಕಳು ಏನಂತಾವೆ ಎಂದು ಕೇಳುವರು. ಉಣ್ತಾ ಅವೆ ಎಂದು ಇವಳು ಒಳಗಿಂದ ಹೇಳುವಳು. ಅಷ್ಟು ಸಾಕು ಅವರಿಗೆ, ಹೆಗಲ ಮೇಲೆ ಟವೆಲು ಹಾಕಿಕೊಂಡು ಗದ್ದೆಗೆ ಹೋಗುವರು.

ಅಕ್ಕನದೊಂದು ಕಟ್ಟು ಇತ್ತು. ಉತ್ತರೆ ಮತ್ತು ಹಸ್ತದ ಸಂದಿಯಲ್ಲಿ ಮನೆಯಲ್ಲಿ ಹುಳ ಇರಕೂಡದು. ಗೌರಿ ಹಬ್ಬದ ಹೊತ್ತಿಗೆ ಗೂಡು ಬಿಡಿಸಿ ಮುಗಿಸಿದರೆ, ಮತ್ತೆ ಮೊಟ್ಟೆ ತರುವುದು ಆಯುಧಪೂಜೆ ಕಳೆದ ಮೇಲೆ. ಆ ನಡುವೆ ಹಗಲು ಸುಡುತ್ತದೆ, ಇರುಳು ಕೊರೆಯುತ್ತದೆ, ಸೊಪ್ಪೆಲ್ಲ ನೀರು ಕುಡಿದು ಹಸಿ ಹಸಿಯಾಗಿರುತ್ತದೆ. ಮನುಷ್ಯರೇ ತಡೆಯುವುದಿಲ್ಲ, ಹುಳ ತಡೆದಾವೇ ಎನ್ನುವಳು. ಅದು ಅವಳ ತಾಯಿ ಹೇಳಿಕೊಟ್ಟ ಮಾತು.

ಆ ವರ್ಷ ಕಟ್ಟು ಮುರಿದದ್ದು ಅವಳೇ. ಆಷಾಢದಲ್ಲಿ ಕೆಂಪಯ್ಯನವರು ಒಂದು ಕಡಸು ನೋಡಿಬರುತ್ತೇನೆಂದು ನಿಡಘಟ್ಟಕ್ಕೆ ಹೋದವರು ದೊಡ್ಡ ರಸ್ತೆ ದಾಟುವಾಗ ಲಾರಿಗೆ ಸಿಕ್ಕಿ ಸತ್ತರು. ಮನೆಗೆ ಬಂದದ್ದು ಚಾಪೆಯಲ್ಲಿ ಸುತ್ತಿದ ಹೆಣ. ತಿಥಿ ಆಯಿತು, ಸೂತಕ ಕಳೆಯಿತು. ಅತ್ತೆಗೆ ಮಗನ ಸಂಕಟ, ಇಲ್ಲ ಅನ್ನುವುದಿಲ್ಲ. ಆದರೆ ಸಂಕಟವನ್ನು ತಿರುಗಿಸಿದ್ದು ಸೊಸೆಯ ಮೇಲೆ. ಗಂಡನಿಲ್ಲ, ಮಕ್ಕಳಿಲ್ಲ, ಇವಳಿಗೆ ಇಲ್ಲೇನು ಕೆಲಸ ಎಂದು ನೀರು ಸೇದುವಾಗ ಒಂದು ಸಲ, ರಾಗಿ ಬೀಸುವಾಗ ಒಂದು ಸಲ. ಅಕ್ಕನ ತಮ್ಮ ಶಿವಣ್ಣನಿಗೂ ಹೇಳಿ ಕಳಿಸಿದರು. ಕೊನೆಗೆ ಒಂದು ದಿನ ಇದಿರಿಗೇ ಅಂದುಬಿಟ್ಟರು: ಹುಳ ಸಾಕಿ ಮನೆಗೆ ಆಗುತ್ತೀಯೋ ಇರು, ಇಲ್ಲವೋ ಮಳವಳ್ಳಿ ಬಸ್ಸು ಇದೆ.

ಅಕ್ಕನಿಗೆ ಹೋಗಲು ಮನಸ್ಸಿರಲಿಲ್ಲ. ತಮ್ಮನ ಮನೆಯಲ್ಲಿ ಅವಳಿಗೆ ಏನಿತ್ತು? ತಾಯಿ ಸತ್ತ ಮೇಲೆ ಅವನು ಹಿಪ್ಪುನೇರಳೆ ಕಿತ್ತು ಹಾಕಿದ್ದ. ಇಲ್ಲಾದರೋ ಗಂಡ ನೆಟ್ಟ ತೋಟ, ಗಂಡ ಹೆಣೆದ ತಟ್ಟೆಗಳು, ಅವರು ನಿಂತು ಮಾತಾಡಿಸುತ್ತಿದ್ದ ಹೊಸಲು ಇತ್ತು. ಬೇಡದ ಕಾಲ ಎಂದು ಗೊತ್ತಿದ್ದೂ ಗೌರಿ ಹಬ್ಬಕ್ಕೆ ಸರಿಯಾಗಿ ಮೊಟ್ಟೆ ತರಿಸಿದಳು. ಈ ಬೆಳೆ ಗೆದ್ದರೆ ಅವಳು ಈ ಮನೆಯವಳು, ಸೋತರೆ ಅಲ್ಲ. ಅಷ್ಟೇ ಲೆಕ್ಕ.

ಹೇಗೆ ಸಾಕಿದಳು ಅಂತೀರಿ! ಮಳೆಯಲ್ಲಿ ನೆನೆದ ಸೊಪ್ಪನ್ನು ಒಂದೊಂದೇ ಎಲೆ ಸೆರಗಿನಲ್ಲಿ ಒರೆಸಿ ಹಾಕಿದಳು. ಮಧ್ಯಾಹ್ನದ ಸೆಕೆಗೆ ಬಾಗಿಲು ತೆಗೆದು ಒದ್ದೆ ಗೋಣಿ ತೂಗುಬಿಟ್ಟಳು, ಬೆಳಗಿನ ಜಾವದ ಥಂಡಿಗೆ ಬಾಗಿಲು ಮುಚ್ಚಿ ಕೆಂಡದ ಮಡಕೆ ಇಟ್ಟಳು. ಅವಳು ಮಲಗಿದ್ದನ್ನು ನಾನು ಕಾಣೆ. ನಾಲ್ಕನೆಯ ಜ್ವರವೂ ದಾಟಿತು. ಹುಳ ಬೆರಳು ಗಾತ್ರ ಆದವು. ಅವು ಸೊಪ್ಪು ಮೇಯುವ ಸದ್ದು ತೆಂಗಿನ ಗರಿಗಳ ಮೇಲೆ ಸೋನೆ ಬಿದ್ದ ಹಾಗೆ ನಡುಮನೆಯವರೆಗೂ ಕೇಳುತ್ತಿತ್ತು. ಇನ್ನೆರಡು ದಿನ, ಆಮೇಲೆ ಹಣ್ಣಾಗಿ ಗೂಡು ಕಟ್ಟಲು ಏರುತ್ತವೆ ಎಂದಳು. ಗಂಡ ಸತ್ತ ಮೇಲೆ ಅವಳ ಮುಖದಲ್ಲಿ ಗೆಲುವು ನೋಡಿದ್ದು ನಾನು ಆವತ್ತೇ.

ಮಾರನೇ ದಿನ ಮಾಲಯದ ಅಮಾವಾಸ್ಯೆ, ಹಿರಿಯರಿಗೆ ಎಡೆ ಇಡುವ ದಿನ. ಆ ವರ್ಷ ಅದು ಮೇಷ್ಟ್ರು ಹೇಳಿದ್ದ ಹಗಲು ರಾತ್ರಿ ಸಮನಾಗುವ ದಿನವೇ ಬಿದ್ದಿತ್ತು. ನಮ್ಮ ಮನೆಯ ಪದ್ಧತಿ ಹೀಗೆ: ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಹಿಂದಿನ ಕೋಣೆಯಲ್ಲಿ ಎಲೆ ಹಾಕಿ ಬಡಿಸಿ, ಸಾಂಬ್ರಾಣಿ ಹೊಗೆ ಕೊಟ್ಟು, ಬಾಗಿಲು ಮುಚ್ಚಬೇಕು. ಹಿರಿಯರು ಬಂದು ಉಣ್ಣುತ್ತಾರೆ, ಬದುಕಿರುವವರು ನೋಡಬಾರದು. ಆಮೇಲೆ ವಂಶದ ದೊಡ್ಡವನು ಬಂದು, ಕೆಮ್ಮಿ ಸದ್ದು ಮಾಡಿ, ತನ್ನ ಕೈಯಿಂದ ಬಾಗಿಲು ತೆಗೆಯಬೇಕು. ಅದಕ್ಕೆ ಮುಂಚೆ ಯಾರಾದರೂ ತೆಗೆದರೆ ಉಣ್ಣುತ್ತಿದ್ದವರು ಎಲೆ ಬಿಟ್ಟು ಎದ್ದು ಹೋಗುತ್ತಾರೆ, ಮತ್ತೆ ಆ ಮನೆಗೆ ಬರುವುದಿಲ್ಲ ಎಂದು ನಂಬಿಕೆ. ಬೇರೆ ವರ್ಷಗಳಲ್ಲಿ ಆ ಹೊತ್ತಿಗೆ ಕೋಣೆ ಖಾಲಿ ಇರುತ್ತಿತ್ತು, ತೊಂದರೆ ಇರಲಿಲ್ಲ. ಈ ವರ್ಷ ಗೋಡೆಯಿಂದ ಗೋಡೆಗೆ ಹುಳದ ತಟ್ಟೆ.

ಅಕ್ಕ ಬೆಳಿಗ್ಗೆಯೇ ಅತ್ತೆಯ ಹತ್ತಿರ ಹೋಗಿ, ಎಡೆಯನ್ನು ಜಗಲಿಯ ಮೇಲೆ ಇಡೋಣ ಎಂದು ಕೇಳಿಕೊಂಡಳು. ತಟ್ಟೆಗಳನ್ನು ಆಚೆ ತರುವ ಹಾಗಿಲ್ಲ. ಬಿಸಿಲು, ಇರುವೆ, ಕಾಗೆ. ನಾನೂ ಬಾಯಿ ಹಾಕಿದೆ. ಬಡಿಸಿದ ಎಲೆ ಎಲ್ಲಿದ್ದರೇನು ಎಂದೆ. ನೀನು ಎರಡಕ್ಷರ ಕಲಿತವಳು, ನಿನ್ನ ಬುದ್ಧಿ ನಿನ್ನ ತವರಿಗೆ ಇರಲಿ ಎಂದು ನನಗೆ ಮಂಗಳಾರತಿ ಆಯಿತು. ನನ್ನ ಗಂಡ ಕುಯ್ಯುವ ಕೋಳಿಯ ಕಾಲು ಹಿಡಿದುಕೊಂಡು ಹಿತ್ತಲಿಗೆ ನಡೆದರು. ಅತ್ತೆ ಅಕ್ಕನ ಕಡೆ ತಿರುಗಿದರು.

"ಬೀದೀಲಿ ಸತ್ತ ನನ್ನ ಮಗ, ಬೀದೀಲೇ ಕುಂತು ಉಣ್ಬೇಕೇನೇ? ನಿಂಗೆ ಗಂಡ ಎಚ್ಚೋ, ಉಳ ಎಚ್ಚೋ?"

ಅಕ್ಕ ತಲೆ ತಗ್ಗಿಸಿ ಒಳಗೆ ಹೋಗಿ ತಟ್ಟೆಗಳಿಗೆಲ್ಲ ಸೊಪ್ಪು ಹಾಕಿ ಬಂದಳು.

ಹಿಂದಿನ ರಾತ್ರಿ ಮಳೆ ಒಳಗೆ ಹೊಡೆಯುತ್ತದೆಂದು ಬೆಳಕಿಂಡಿಗೆ ಹೆಂಚು ಮುಚ್ಚಿದ್ದರು, ಅದನ್ನು ತೆಗೆದಿರಲಿಲ್ಲ. ಮಧ್ಯಾಹ್ನಕ್ಕೆ ಎಲೆ ಹಾಕಿದೆವು. ಕುದಿಯುವ ಕೋಳಿ ಸಾರು, ಬಿಸಿ ಮುದ್ದೆ, ವಡೆ, ಕಜ್ಜಾಯ, ಹೊಸ ಪಂಚೆ. ಸಾಂಬ್ರಾಣಿ ಹೊಗೆ ಕಣ್ಣು ಬಿಡದ ಹಾಗೆ ತುಂಬಿತು. ಕೊನೆಯಲ್ಲಿ ಅತ್ತೆ ಒಂದು ಬೀಡಿ ಹಚ್ಚಿ ಎಲೆಯ ಪಕ್ಕ ಇಟ್ಟರು, ಕಟ್ಟಿನಲ್ಲಿದ್ದ ಉಳಿದ ಬೀಡಿಗಳನ್ನೂ ಅಲ್ಲೇ ಇಟ್ಟರು. ಅಕ್ಕ ಒಂದು ಹೆಜ್ಜೆ ಮುಂದೆ ಬಂದಳು. ಅತ್ತೆ ಅವಳ ಮುಖ ನೋಡಿದರು. ಅಕ್ಕ ಹಿಂದೆ ಸರಿದಳು. ಬಾಗಿಲು ಮುಚ್ಚಿ ಚಿಲಕ ಹಾಕಿದರು.

ವಂಶಕ್ಕೆ ದೊಡ್ಡವರು ಎಂದರೆ ನಮ್ಮ ಮಾವನ ಅಣ್ಣ ಜವರಯ್ಯ. ಆವತ್ತು ದಾಯಾದಿಗಳ ಎಲ್ಲ ಮನೆಯಲ್ಲೂ ಎಡೆ, ಎಲ್ಲ ಮನೆಯ ಬಾಗಿಲನ್ನೂ ಅವರೇ ತೆಗೆಯಬೇಕು. ತೆಗೆದ ಮನೆಯಲ್ಲೆಲ್ಲ ಉಣ್ಣಬೇಕು, ಉಂಡ ಕಡೆಯಲ್ಲೆಲ್ಲ ಕುಡಿಯಬೇಕು. ನಮ್ಮದು ಕೊನೆಯ ಮನೆ. ನಮಗಿಂತ ಮುಂಚಿನ ಮನೆಯಲ್ಲಿ ಜವರಯ್ಯನವರು ಚೆನ್ನಾಗಿ ಏರಿಸಿ ಅಲ್ಲೇ ಒರಗಿಬಿಟ್ಟರು. ಕರೆಯಲು ಹೋದ ನನ್ನ ಗಂಡನೂ ಅಲ್ಲೇ ಕೂತರು. ಇಂಥವರ ಕೈಯಲ್ಲಿ ಬಾಗಿಲು! ಹೇಳಿದರೆ ಹೊಟ್ಟೆ ಉರಿಯುತ್ತದೆ.

ಅಕ್ಕ ಬಾಗಿಲಿಗೆ ಕಿವಿ ಕೊಟ್ಟು ಹೊಸಲಿನ ಮೇಲೆ ಕೂತಿದ್ದಳು. ಹೊರಗೆ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ನೆಲ ನೆನೆದಿತ್ತು, ಬಿಸಿಲು ಬಿದ್ದು ಕಾವು ಮೇಲೇಳುತ್ತಿತ್ತು, ನಡುಮನೆಯಲ್ಲೇ ನಮಗೆ ಉಸಿರು ಕಟ್ಟುತ್ತಿತ್ತು. ಮೊದಲು ಒಳಗಿಂದ ಹುಳ ಮೇಯುವ ಸದ್ದು ಎಂದಿನಂತೆ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ತೆಳುವಾಯಿತು. ಬಿಸಿಲು ಅಂಗಳದ ಕಲ್ಲು ದಾಟುವ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಕೇಳುತ್ತಿತ್ತು. ಅಕ್ಕನ ಮುಖ ಬೂದಿಯಾಗಿತ್ತು. ನನಗೆ ತಡೆಯಲಾಗಲಿಲ್ಲ. ಚಿಲಕಕ್ಕೆ ಕೈ ಹಾಕಿ, ತೆಗೆದುಬಿಡುತ್ತೇನೆ, ಆದದ್ದು ಆಗಲಿ, ಬೈಗುಳ ನನಗೇ ಬರಲಿ ಎಂದೆ. ಅವಳು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಬ್ಯಾಡ ಕಣವ್ವ. ಮೊದ್ಲ ಎಡೆ. ದೂರದಿಂದ ಬಂದವ್ರೆ, ಅರ್ಧದಲ್ಲಿ ಎಬ್ಬಿಸ್ಬಾರ್ದು. ಉಂಡ್ಕಳ್ಲಿ ಬುಡು."

ಅವಳಿಗೆ ಗೊತ್ತಿತ್ತು. ಒಳಗೆ ಏನಾಗುತ್ತಿದೆ, ಅದಾದರೆ ತನಗೆ ಏನಾಗುತ್ತದೆ, ಎಲ್ಲ ಗೊತ್ತಿತ್ತು. ಅತ್ತೆ ಕೇಳಿದ ಪ್ರಶ್ನೆಗೆ ಉತ್ತರ ಅವಳು ಅಲ್ಲಿ ಕೊಟ್ಟಳು. ಸದ್ದು ಪೂರಾ ನಿಂತ ಮೇಲೂ ಕೈ ಬಿಡಲಿಲ್ಲ.

ಸಂಜೆ ಮೂಡಲಿಂದ ಗಾಳಿ ಎದ್ದು ಹನಿ ಬೀಳಲು ಶುರುವಾದ ಮೇಲೆ ಜವರಯ್ಯನವರನ್ನು ನನ್ನ ಗಂಡ ಹೆಗಲು ಕೊಟ್ಟು ಕರೆತಂದರು. ಅವರು ಗೋಡೆ ಹಿಡಿದು ನಿಂತು, ಶಾಸ್ತ್ರಕ್ಕೆ ಕೆಮ್ಮಿ, ಚಿಲಕ ತೆಗೆದರು. ಒಳಗಿನ ಬಿಸಿ ಮುಖಕ್ಕೆ ಹೊಡೆಯಿತು. ಅದರ ಹಿಂದೆ ನಾತ. ಹುಳ ಬಾಯಲ್ಲಿ ಹಸಿರು ನೀರು ಕಾರಿ, ತಲೆ ಇಳಿಬಿಟ್ಟು ತಟ್ಟೆಯ ಅಂಚಿಗೆ ಜೋತುಬಿದ್ದಿದ್ದವು. ಗಾಳಿ ಹುಡುಕಿಕೊಂಡು ತಟ್ಟೆ ಬಿಟ್ಟು ಇಳಿದವು ನೀರಿನ ಬಟ್ಟಲಲ್ಲಿ ಬಿದ್ದಿದ್ದವು, ಹೊಸ ಪಂಚೆಯ ಮೇಲೆ, ವಡೆಯ ಮೇಲೆ, ಮುದ್ದೆಯ ಮೇಲೆ ಬಿದ್ದಿದ್ದವು. ಜವರಯ್ಯನವರು ಥೂ ಎಂದು ಹಿಂದೆ ಸರಿದರು. ಅಕ್ಕ ಒಳಗೆ ಹೋಗಿ ಒಂದು ತಟ್ಟೆ ಎಳೆದು, ಒಂದು ಹುಳವನ್ನು ಅಂಗೈ ಮೇಲೆ ಇಟ್ಟುಕೊಂಡು ಊದಿದಳು. ಇನ್ನೊಂದನ್ನು ಊದಿದಳು. ಹಾಗೆ ಊದುತ್ತಲೇ ಇದ್ದಳು. ನಾನೇ ಹೋಗಿ ಅವಳ ಕೈಯಿಂದ ತಟ್ಟೆ ಕಿತ್ತುಕೊಳ್ಳಬೇಕಾಯಿತು.

ಅತ್ತೆ ಅಳಲಿಲ್ಲ, ಬೈಯಲೂ ಇಲ್ಲ. ಗಂಡನ್ನ ತಿಂದಳು, ಕೈಗುಣವೂ ಹೋಯಿತು ಎಂದಷ್ಟೇ ಹೇಳಿ ಜಗಲಿಯಲ್ಲಿ ಕೂತರು. ಬೀಡಿಯ ಮಾತು ಯಾರೂ ಎತ್ತಲಿಲ್ಲ. ನಾನು ಎತ್ತಿದೆ, ನನ್ನ ಗಂಡ ಕಪಾಳಕ್ಕೆ ಒಂದು ಬಿಟ್ಟರು. ಬೆಳಗಾಗುವುದರೊಳಗೆ ಊರಿಗೆಲ್ಲ ಸುದ್ದಿ. ಊರ ಬಾಯಿಗೆ ಮುಚ್ಚಳ ಉಂಟೇ? ಸಣ್ಣತಾಯಮ್ಮನ ಕೈ ಕೆಟ್ಟಿತು ಎಂದರು. ಮೊದಲ ಸೊಪ್ಪು ಹಾಕಲು ಕರೆಯುತ್ತಿದ್ದ ಹೆಂಗಸರೇ ಅವಳು ಇದಿರು ಬಂದರೆ ತಮ್ಮ ಹುಳದ ಮನೆಯ ಬಾಗಿಲು ಎಳೆದುಕೊಳ್ಳುತ್ತಿದ್ದರು. ಸತ್ತ ಹುಳವನ್ನು ತಿಪ್ಪೆಗೆ ಹೊತ್ತು ಹಾಕಿದ್ದೂ ಅವಳೇ, ಒಬ್ಬಳೇ. ಹಸ್ತದ ಮಳೆ ಹಿಡಿದು ಸುರಿಯುತ್ತಿತ್ತು.

ಶಿವಣ್ಣ ಬಂದು ಕರೆದುಕೊಂಡು ಹೋದ. ಒಂದು ಟ್ರಂಕು, ಒಂದು ಗಂಟು. ತಟ್ಟೆಗಳಲ್ಲಿ ಒಂದನ್ನು ಕೊಡುತ್ತೀರಾ ಎಂದು ಕೇಳಿದಳು, ಕೆಂಪಯ್ಯನವರು ಹೆಣೆದದ್ದು. ಮನೆಯ ಸಾಮಾನು ಎಂದು ಅತ್ತೆ ಕೊಡಲಿಲ್ಲ.

ಅಲ್ಲಿ ಅವಳು ಕೂಲಿಗೆ ಹೋಗುತ್ತಿದ್ದಳಂತೆ. ನಾಟಿ, ಕಳೆ, ಕುಯ್ಲು. ಆ ಊರಲ್ಲೂ ಹುಳ ಸಾಕುವವರು ಇದ್ದರು, ಆದರೆ ಸುದ್ದಿ ಇವಳಿಗಿಂತ ಮುಂಚೆ ಬಸ್ಸು ಹತ್ತಿತ್ತು. ಸೊಪ್ಪು ಕುಯ್ಯಲೂ ಯಾರೂ ಕರೆಯುತ್ತಿರಲಿಲ್ಲ.

ಮರುವರ್ಷ ಅಧಿಕಮಾಸ ಬಂದು ಮಾಲಯದ ಅಮಾವಾಸ್ಯೆ ತಡವಾಯಿತು. ಚಿತ್ತೆ ಮಳೆ ಹುಟ್ಟಿ ಹವಾ ತಂಪಾಗಿತ್ತು. ಅಷ್ಟರಲ್ಲಿ ನನ್ನ ಗಂಡನೇ ಹುಳ ಸಾಕಲು ಶುರುಮಾಡಿದ್ದರು. ರೇಷ್ಮೆ ಇಲಾಖೆಯಿಂದ ಬರುತ್ತಿದ್ದ ಒಬ್ಬರು, ಕೋಣೆಗೆ ಹೊಗೆ ಸೋಕಬಾರದು, ಗಾಳಿ ಆಡುತ್ತಿರಬೇಕು ಎಂದು ಹೇಳಿ ಹೋಗಿದ್ದರು. ಪ್ಯಾಂಟು ಹಾಕಿದವರು ಹೇಳಿದ್ದು, ಅತ್ತೆ ಹೂಂ ಎಂದರು. ಅಮಾವಾಸ್ಯೆಯ ಬೆಳಿಗ್ಗೆ ಅವರೇ ಜಗಲಿ ಸಾರಿಸಿ, ರಂಗೋಲಿ ಇಟ್ಟು, ಎಲೆ ಇಲ್ಲೇ ಹಾಕು ಇಂದ್ರ, ಒಳಗೆ ಹುಳ ಇದ್ದಾವೆ ಎಂದರು. ಎಷ್ಟು ಸಲೀಸಾಗಿ ಅಂದರು! ನನ್ನ ಕೈಯಲ್ಲಿದ್ದ ಬಾಳೆ ಎಲೆ ಸೀಳಿಹೋಯಿತು. ಎಲೆಗೆ ಅಡ್ಡವಾಗಿ ಒಂದು ಪಂಚೆಯನ್ನು ತೆರೆಯ ಹಾಗೆ ಕಟ್ಟಿದೆವು, ಅಷ್ಟೇ ಬಾಗಿಲು.

ಬಡಿಸುವ ಹೊತ್ತಿಗೆ ಅಕ್ಕ ಬಂದಳು. ಯಾರೂ ಕರೆದಿರಲಿಲ್ಲ. ಗಂಡನ ಎಡೆ ನೋಡಿ ಹೋಗಲು ಮಳವಳ್ಳಿಯಿಂದ ಬಸ್ಸಿನಲ್ಲಿ ಬಂದಿದ್ದಳು. ಸೊರಗಿ ಕಡ್ಡಿಯಾಗಿದ್ದಳು, ಕೈ ಒಡೆದು ಹೋಗಿದ್ದವು. ಸೆರಗಿನ ಗಂಟಿನಿಂದ ಎರಡು ಕಜ್ಜಾಯ ತೆಗೆದು ಎಲೆಯ ಮೇಲೆ ಇಟ್ಟಳು. ಅತ್ತೆ ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಅಕ್ಕ ಜಗಲಿಯ ಕಂಬಕ್ಕೆ ಒರಗಿ, ಎಲೆಯ ಮುಂದೆ ಇಳಿಬಿಟ್ಟ ತೆರೆಯನ್ನೂ, ನಡುಮನೆಯ ಹಿಂದೆ ಅಗಲಕ್ಕೆ ತೆರೆದಿದ್ದ ಆ ಕೋಣೆಯ ಬಾಗಿಲನ್ನೂ ನೋಡುತ್ತ ಕೂತಳು. ಒಳಗಿಂದ ಸದ್ದು ಕೇಳುತ್ತಿತ್ತು, ಹುಳ ಮೇಯುತ್ತಿದ್ದವು. ಅವಳು ತಲೆ ಓರೆ ಮಾಡಿ ಕೇಳಿಸಿಕೊಳ್ಳುತ್ತಿದ್ದಳು.

ನನ್ನ ಕೋಪ ತಡೆಯಲಿಲ್ಲ. ಪಕ್ಕ ಕೂತು, ನೋಡಿದೆಯಾ ಅಕ್ಕ, ನೀನು ಅಂಗಲಾಚಿದ್ದು ಇದನ್ನೇ ಅಲ್ಲವಾ, ಈಗ ಇವರಿಗೆ ಜಗಲಿ ಬೀದಿ ಆಗಲಿಲ್ಲವಾ ಎಂದೆ. ಅವಳಿಗೆ ಅದು ಕೇಳಿಸಿತೋ ಇಲ್ಲವೋ. ಬಹಳ ದಿನದಿಂದ ಒಳಗೇ ಇಟ್ಟುಕೊಂಡಿದ್ದ ಮಾತನ್ನು ಆಡುವ ಹಾಗೆ, ತೆರೆದ ಆ ಬಾಗಿಲನ್ನೇ ನೋಡುತ್ತ ಮೆಲ್ಲಗೆ ಹೇಳಿದಳು.

"ಓದ್ವರ್ಸ ಅವ್ರು ಒಳಕ್ಕೆ ಬಂದೇ ಇರಾಕಿಲ್ಲ ಕಣವ್ವ. ಉಳ ಇದ್ವಲ್ಲ. ಹೊಸಲ ತಾವ್ಲೇ ನಿಂತಿದ್ದು, ಅಸ್ಕಂಡೇ ಓಗಿರ್ತಾರೆ."

ಆವತ್ತು ಬಾಗಿಲಿಗೆ ಕಿವಿ ಕೊಟ್ಟು ಅವಳು ಕೂತಿದ್ದದ್ದು ಆ ಹೊಸಲಿನ ಮೇಲೆಯೇ. ಜವರಯ್ಯನವರು ಬಂದು ಕೆಮ್ಮುವ ತನಕ ಅವಳು ಕಾಯಲಿಲ್ಲ. ಎದ್ದು, ಸೆರಗು ತಲೆಗೆ ಹೊದ್ದುಕೊಂಡು, ಎರಡು ಗಂಟೆಯ ಬಸ್ಸಿಗೆ ಹೊರಟಳು. ಉಂಡು ಹೋಗು ಎಂದು ನಾನು ಹಿಂದೆಯೇ ಹೋಗಿ ಕೂಗಿದೆ. ತಿರುಗಿ ನೋಡಲಿಲ್ಲ.